ವಿಚಿತ್ರ ಅಂಗಗಳ ಹಲಗೆ: ಜಿರಾಫೆ ನರ ಮುಗಿಯಿತು, ಕಣ್ಣು ಅರ್ಧ ಆಗಿದೆ

ಜಿರಾಫೆ ಹಲಗೆ ಅಂತೂ ಕೆಲಸ ಮಾಡುತ್ತಿದೆ. ಹಿಡಿಕೆಯನ್ನು ಕೆಳಗೆ ಎಳೆದರೆ ಹೃದಯ ಜಾರುತ್ತದೆ, ಅದರ ಜೊತೆಗೆ ಕೆಂಪು ದಾರವೂ ಇಳಿಯುತ್ತದೆ, ಕತ್ತು ಉದ್ದವಾದಷ್ಟೂ ದಾರದ ಸುತ್ತು ದೊಡ್ಡದಾಗುವುದು ಕಣ್ಣೆದುರೇ ಕಾಣುತ್ತದೆ.

ಹೊಸಬರಿಗೆ ಒಂದು ಮಾತು. ವಿಕಾಸದ ದಾರಿಯಲ್ಲಿ ದೇಹದೊಳಗೆ ಉಳಿದುಕೊಂಡ ಎಡವಟ್ಟು ಜೋಡಣೆಗಳನ್ನು ಪ್ಲೈವುಡ್, ದಾರ, ತಂತಿಗಳಲ್ಲಿ ಮಾಡುತ್ತಿದ್ದೇನೆ, ಒಂದೊಂದಕ್ಕೆ ಒಂದೊಂದು ಹಲಗೆ. ನಿಯಮ ಒಂದೇ: ಸುಮ್ನೆ ಅಂಗದ ಚಿತ್ರ ಅಂಟಿಸುವ ಹಾಗಿಲ್ಲ. ಅದು ಯಾಕೆ ಹಾಗಾಯಿತು ಅನ್ನೋದು ಹಲಗೆಯ ಭಾಗಗಳನ್ನು ಆಡಿಸಿದಾಗಲೇ ಗೊತ್ತಾಗಬೇಕು.

ನರದ ಕಥೆ ಹೀಗಿದೆ. ಧ್ವನಿಪೆಟ್ಟಿಗೆಯನ್ನು ಆಡಿಸುವ ನರ, ಮಿದುಳಿನಿಂದ ಹೊರಟ ವೇಗಸ್ ನರದ ಒಂದು ಕವಲು. ನಮ್ಮಲ್ಲಿ ಮಿದುಳಿಗೂ ಧ್ವನಿಪೆಟ್ಟಿಗೆಗೂ ಒಂದು ಗೇಣು ದೂರವೂ ಇಲ್ಲ. ಆದರೂ ಎಡಗಡೆಯ ನರ ಕತ್ತು ದಾಟಿ ಎದೆಯೊಳಕ್ಕೆ ಇಳಿದು, ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನಿನ ಅಡಿಯಲ್ಲಿ ನುಸುಳಿ, ಬಂದ ದಾರಿಗೆ ಸುಂಕವಿಲ್ಲ ಅಂತ ಮತ್ತೆ ಮೇಲೆ ಹತ್ತುತ್ತದೆ. ಜಿರಾಫೆಯಲ್ಲಿ ಹೋಗಿ ಬರುವ ಈ ದಾರಿ 4 ಮೀಟರ್ ದಾಟುತ್ತದೆ. ನನ್ನ ಹಲಗೆ ಹತ್ತನೇ ಒಂದರ ಅಳತೆಯದು, ಅದಕ್ಕೇ 40 ಸೆಂಟಿಮೀಟರಿಗಿಂತ ಜಾಸ್ತಿ ದಾರ ಹಿಡಿಯಿತು.

ಕಾರಣ ಮೀನಿನಲ್ಲಿದೆ. ಮೀನಿನ ಹೃದಯ ಕಿವಿರುಗಳ ಪಕ್ಕದಲ್ಲೇ ಇರುತ್ತದೆ. ಕಿವಿರಿಗೆ ರಕ್ತ ಒಯ್ಯುವ ನಾಳಗಳು ಸಾಲಾಗಿರುತ್ತವೆ, ನರದ ಕವಲುಗಳು ಅವುಗಳ ನಡುವೆ ನೇರವಾಗಿ ಹಾದುಹೋಗುತ್ತವೆ. ಅಲ್ಲಿ ಏನೂ ವಿಚಿತ್ರ ಇಲ್ಲ. ನಮ್ಮ ಭ್ರೂಣದಲ್ಲೂ ಮೊದಲು ಇದೇ ಸಾಲು ಮೂಡುತ್ತದೆ, ಆಮೇಲೆ ಹೃದಯ ಎದೆಗೆ ಇಳಿಯುತ್ತದೆ, ನಾಳದ ಹಿಂದೆ ಸಿಕ್ಕಿಕೊಂಡ ನರವೂ ಅದರ ಜೊತೆ ಇಳಿಯಲೇಬೇಕು.

ಹಲಗೆಯಲ್ಲಿ ಇದನ್ನು ತೋರಿಸಲು ತಲೆಯನ್ನು ಮೇಲ್ತುದಿಯಲ್ಲಿ ಮೊಳೆ ಹೊಡೆದು ನಿಲ್ಲಿಸಿ, ಹೃದಯಕ್ಕೆ ಉದ್ದ ಸೀಳು ಕೊರೆದೆ. ಹೃದಯಕ್ಕೆ ತಾಮ್ರದ ತಂತಿಯ ಒಂದು ಕೊಕ್ಕೆ, ಅದೇ ಮಹಾಪಧಮನಿ. ದಾರ ಮಿದುಳಿನ ಮೊಳೆಯಿಂದ ಕೊಕ್ಕೆಯ ಅಡಿಗೆ ಹೋಗಿ ಧ್ವನಿಪೆಟ್ಟಿಗೆಯ ತೂತಿನಲ್ಲಿ ನುಗ್ಗಿ, ಹಲಗೆಯ ಹಿಂದಿನ ಉರುಳೆಗೆ ಸುತ್ತಿಕೊಂಡಿದೆ, ಹೃದಯ ಜಾರಿದಷ್ಟು ಬಿಚ್ಚಿಕೊಳ್ಳುತ್ತದೆ. ಹತ್ತಿ ದಾರ ಕೊಕ್ಕೆಗೆ ಉಜ್ಜಿ ನಿಂತುಬಿಡುತ್ತಿತ್ತು. ನೈಲಾನ್ ದಾರ ಹಾಕಿ, ಕೊಕ್ಕೆಯ ಬಗ್ಗಿನಲ್ಲಿ ಒಂದು ಗಾಜಿನ ಮಣಿ ಪೋಣಿಸಿದ ಮೇಲೆ ಸರಾಗ.

ಆಡಿಸಿ ನೋಡುವವರು ಎಲ್ಲರೂ ಕೇಳುವುದು ಒಂದೇ: ದಾರವನ್ನು ಕೊಕ್ಕೆಯಿಂದ ಈಚೆ ತೆಗೆದುಬಿಟ್ಟರೆ ಆಯ್ತಲ್ವಾ? ತೆಗೆಯಿರಿ ನೋಡೋಣ ಅಂತೀನಿ. ಕತ್ತರಿಸದೆ ಆಗುವುದಿಲ್ಲ. ನರ ಒಂದಿಷ್ಟು ಉದ್ದವಾದರೆ ಪ್ರಾಣಿಗೆ ದೊಡ್ಡ ನಷ್ಟವೇನಿಲ್ಲ, ತುಂಡಾದರೆ ಮಾತ್ರ ಧ್ವನಿಪೆಟ್ಟಿಗೆಯ ಆ ಬದಿ ಕೆಲಸ ಮಾಡುವುದಿಲ್ಲ. ಹಾಗಾಗಿ ಪ್ರತಿ ತಲೆಮಾರಿಗೂ ಚೂರು ಚೂರು ಉದ್ದವಾಗುವುದೇ ಉಳಿದ ದಾರಿ. ಎದೆಯೊಳಗಿನ ಗಡ್ಡೆ ಈ ನರವನ್ನು ಒತ್ತಿ ದನಿ ಒಡೆಯುವುದುಂಟು, ಗಂಟಲಲ್ಲಿ ಹುಡುಕಿದರೆ ಕಾರಣ ಸಿಗುವುದಿಲ್ಲ.

ಈ ಹಲಗೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಬಲಗಡೆ. ಅಲ್ಲಿ ನರ ಸುತ್ತುವುದು ಬಲತೋಳಿನ ಕಡೆಗೆ ಹೋಗುವ ಅಪಧಮನಿಯನ್ನು, ಆದ್ದರಿಂದ ಅಷ್ಟು ಕೆಳಗೆ ಇಳಿಯುವುದಿಲ್ಲ. ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ಆ ಅಪಧಮನಿ ಬೇರೆ ಜಾಗದಿಂದ ಹುಟ್ಟುತ್ತದೆ, ಅಂಥವರಲ್ಲಿ ಬಲ ನರ ಸುತ್ತುವುದೇ ಇಲ್ಲ, ಕತ್ತಿನಿಂದ ನೇರವಾಗಿ ಧ್ವನಿಪೆಟ್ಟಿಗೆಗೆ ಹೋಗುತ್ತದೆ. ಥೈರಾಯ್ಡ್ ಆಪರೇಷನ್ ಮಾಡುವವರು ಇದಕ್ಕೆ ಹೆದರುತ್ತಾರೆ, ಇರಬೇಕಾದ ಕಡೆ ನರ ಇಲ್ಲದಿದ್ದರೆ ಕತ್ತರಿ ತಾಗುವ ಅಪಾಯ ಜಾಸ್ತಿ. ಬಲಗಡೆಯ ಕೊಕ್ಕೆಯನ್ನು ಕಳಚುವಂತೆ ಮಾಡಿದ್ದೇನೆ. ಹೃದಯ ಮೇಲಿರುವಾಗಲೇ ಕೊಕ್ಕೆ ಕಳಚಿ ಆಮೇಲೆ ಹಿಡಿಕೆ ಎಳೆದರೆ, ಎಡದ ದಾರ ಕೆಳಗೆ ಹೋಗುತ್ತದೆ, ಬಲದ್ದು ಇದ್ದಲ್ಲೇ ನೇರವಾಗಿ ನಿಲ್ಲುತ್ತದೆ.

ಕಣ್ಣಿನ ಹಲಗೆ ಅರ್ಧಕ್ಕೆ ಬಂದಿದೆ. ನಮ್ಮ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಒಳಪರದೆಯಲ್ಲಿ, ಬೆಳಕು ಹಿಡಿಯುವ ಕೋಶಗಳು ಹಿಂದೆ, ನರದ ಎಳೆಗಳು ಮುಂದೆ. ಎಳೆಗಳೆಲ್ಲ ಒಂದು ಕಡೆ ಸೇರಿ ತೂತಿನ ಮೂಲಕ ಹೊರಗೆ ಹೋಗಬೇಕು, ಆ ಜಾಗದಲ್ಲಿ ನಮಗೆ ಏನೂ ಕಾಣುವುದಿಲ್ಲ. 1660ರ ದಶಕದಲ್ಲಿ ಫ್ರಾನ್ಸಿನ ಎಡ್ಮ್ ಮಾರಿಯೊಟ್ ಈ ಕುರುಡು ಚುಕ್ಕೆಯನ್ನು ಕಂಡುಹಿಡಿದರು. ಹಲಗೆಯ ಮೂಲೆಯಲ್ಲಿ 8 ಸೆಂಟಿಮೀಟರ್ ದೂರಕ್ಕೆ ಎರಡು ಗುರುತು ಬರೆದಿದ್ದೇನೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡಗುರುತನ್ನೇ ದಿಟ್ಟಿಸುತ್ತಾ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಸ್ವಲ್ಪ ಹಿಂದೆ ಮುಂದೆ ಆಡಿದರೆ ಬಲದ್ದು ಮಾಯ. ಆಕ್ಟೋಪಸ್‌ಗೆ ಈ ಗೋಳಿಲ್ಲ, ಅದರ ಎಳೆಗಳು ಹಿಂದಿನಿಂದಲೇ ಹೊರಡುತ್ತವೆ. ಹಾಗಂತ ನಮ್ಮದು ಬರೀ ಕೆಟ್ಟ ಕೆಲಸ ಅಂತ ಬರೆಯಲು ನನಗೆ ಮನಸ್ಸಿಲ್ಲ. ಬೆಳಕಿನ ಕೋಶಗಳಿಗೆ ಆಮ್ಲಜನಕ ಸಿಕ್ಕಾಪಟ್ಟೆ ಬೇಕು, ಹಿಂದೆ ಇರುವುದರಿಂದ ರಕ್ತನಾಳಗಳ ಪದರಕ್ಕೆ ಹತ್ತಿರವಾಗುತ್ತವೆ. ಇದನ್ನೂ ಹಲಗೆಯಲ್ಲಿ ತೋರಿಸಬೇಕು, ಹೇಗೆ ಅಂತ ಇನ್ನೂ ಹೊಳೆದಿಲ್ಲ.

ಮುಂಗೈ ಹಲಗೆ ಕೈಬಿಟ್ಟೆ. ಹೆಬ್ಬೆರಳು ಕಿರುಬೆರಳು ಸೇರಿಸಿ ಮಣಿಕಟ್ಟು ಸ್ವಲ್ಪ ಮಡಚಿದರೆ ನಡುವೆ ಎದ್ದು ಕಾಣುವ ಸ್ನಾಯುರಜ್ಜು ಎಷ್ಟೋ ಜನರಿಗೆ ಇರುವುದೇ ಇಲ್ಲ, ಇಲ್ಲದಿದ್ದರೂ ಹಿಡಿತ ಕಮ್ಮಿಯಾಗುವುದಿಲ್ಲ. ಅವರವರ ಕೈಯಲ್ಲೇ ಕಾಣುವಾಗ ಪ್ಲೈವುಡ್ ಯಾಕೆ ಹಾಳು ಮಾಡಬೇಕು?

ಮುಂದಿನದು ಸೈನಸ್, ಅಂದರೆ ಮುಖದ ಮೂಳೆಯೊಳಗಿನ, ಮೂಗಿಗೆ ತೆರೆದುಕೊಳ್ಳುವ ಟೊಳ್ಳು. ಕೆನ್ನೆಯೊಳಗಿನ ಸೈನಸ್‌ನ ಬಾಯಿ ತಳದಲ್ಲಿಲ್ಲ, ಮೇಲ್ಗಡೆ ಇದೆ, ಹಾಗಾಗಿ ತಲೆ ನೆಟ್ಟಗಿರುವಾಗ ಲೋಳೆ ತಾನಾಗಿ ಸುರಿದುಹೋಗುವುದಿಲ್ಲ, ಒಳಗಿನ ಸಣ್ಣ ರೋಮಗಳು ಅದನ್ನು ಮೇಲಕ್ಕೆ ತಳ್ಳಬೇಕು. ಪಾರದರ್ಶಕ ಡಬ್ಬಿಗೆ ಮೇಲ್ಭಾಗದಲ್ಲಿ ತೂತು ಕೊರೆದು ಬಣ್ಣದ ನೀರು ತುಂಬಿಸಿ, ಓರೆ ಮಾಡಿದಾಗ ಮಾತ್ರ ಸುರಿಯುವಂತೆ ಮಾಡುವ ಯೋಚನೆ ಇದೆ. ಹಲಗೆ ತಿರುಗಲು ಗಟ್ಟಿ ಕೀಲು ಬೇಕು, ನೀರಿನ ಭಾರಕ್ಕೆ ತಡೆಯುವಂಥದ್ದು. ಯಾರಾದರೂ ಮಾಡಿದ್ದರೆ ತಿಳಿಸಿ.