ಲಿಪಾರಿಯ ಕೈದಿ

ಬೆಳಗಿನಿಂದ ಇಟಲಿಯ ಚಿಂತಕ ಕಾರ್ಲೊ ರೊಸೆಲ್ಲಿ ಅವರೇ ತಲೆಯಲ್ಲಿದ್ದಾರೆ. ಮುಸೊಲಿನಿಯ ಸರ್ಕಾರ ಲಿಪಾರಿ ದ್ವೀಪದಲ್ಲಿ ಕೂಡಿಹಾಕಿದ್ದಾಗ, ಸಮಾಜವಾದವು ಸ್ವಾತಂತ್ರ್ಯವನ್ನು ಬೂರ್ಜ್ವಾಗಳ, ಅಂದರೆ ಉಳ್ಳವರ, ಸೊತ್ತೆಂದು ಬದಿಗೆ ಸರಿಸಬಾರದೆಂದು ಗುಟ್ಟಾಗಿ ಬರೆಯುತ್ತಿದ್ದ ಅವರು, 1929ರ ಜುಲೈನಲ್ಲಿ ಮೋಟಾರು ದೋಣಿಯೇರಿ ತಪ್ಪಿಸಿಕೊಂಡು, ಪ್ಯಾರಿಸ್ಸಿನಲ್ಲಿ ಸಮಾಜವಾದಿಗಳು, ಗಣರಾಜ್ಯವಾದಿಗಳು, ಉದಾರವಾದಿಗಳನ್ನೆಲ್ಲ ಸೇರಿಸಿ ‘ನ್ಯಾಯ ಮತ್ತು ಸ್ವಾತಂತ್ರ್ಯ’ ಚಳವಳಿ ಕಟ್ಟಿದರು. ಕಮ್ಯುನಿಸ್ಟರು ಅವರನ್ನು ಅನುಮಾನದಿಂದಲೇ ಕಂಡರು. ರೊಸೆಲ್ಲಿ ಸಿರಿವಂತ ಮನೆತನದವರಾದ್ದರಿಂದ ಅದೇನೂ ಆಶ್ಚರ್ಯವಲ್ಲ. ಆದರೂ ಸ್ಪೇನಿನ ಅಂತರ್ಯುದ್ಧ ಶುರುವಾದಾಗ ಪ್ರಭುತ್ವವೇ ಬೇಡವೆನ್ನುವ ಅರಾಜಕತಾವಾದಿಗಳ ಜೊತೆಗೂ ನಿಂತು ಹೋರಾಡಿದ ಅವರ ಹಟ ನನಗೆ ಬಹಳ ಇಷ್ಟ. 1937ರ ಜೂನ್ 9ರಂದು ಫ್ರಾನ್ಸಿನ ಬಲಪಂಥೀಯ ಗುಪ್ತಸಂಘಟನೆಯೊಂದರವರು ಅವರನ್ನೂ, ನೋಡಲೆಂದು ಬಂದಿದ್ದ ಇತಿಹಾಸಕಾರರಾದ ಕಿರಿಯ ಸಹೋದರ ನೆಲ್ಲೊ ಅವರನ್ನೂ ರಸ್ತೆಯಲ್ಲಿ ಅಡ್ಡಗಟ್ಟಿ ಕೊಂದರು. ಕಾರ್ಲೊ ಅವರಿಗೆ ಆಗ ಬರೀ 37 ವರ್ಷ.