ಶೀತದಲ್ಲಿ ತೇಲುವ ಫಲಕ

ಟೋಕಿಯೊ ಪಕ್ಕದ ಕಶಿವಾದಲ್ಲಿ ನನ್ನದು ಬಾಹ್ಯಾಕಾಶ ದೂರದರ್ಶಕದ ಕೆಲಸವೆಂದರೆ ಊರಿನವರು ರಾಕೆಟ್ಟಿನ ಬಗ್ಗೆ ಕೇಳುತ್ತಾರೆ. ನನ್ನ ದಿನಗಳು ಕಳೆಯುವುದು ಒಂದು ಲೋಹದ ಪೀಪಾಯಿಯ ಸುತ್ತ. ಗಾಳಿಯನ್ನೆಲ್ಲ ಹೀರಿ ತೆಗೆದ ಆ ಪೀಪಾಯಿಯೊಳಗೆ, ಬಣ್ಣವಿಲ್ಲದ ಕೃತಕ ನೀಲಮಣಿಯ ಫಲಕವೊಂದು ತಿರುಗುತ್ತಿರುತ್ತದೆ.

ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ 2019ರಲ್ಲಿ ಆಯ್ಕೆ ಮಾಡಿದ ಲೈಟ್‌ಬರ್ಡ್ ಬಾಹ್ಯಾಕಾಶ ದೂರದರ್ಶಕ ಯೋಜನೆಗೆ ಬೇಕಾದದ್ದು ಇಂತಹ ಫಲಕ. ಮಹಾಸ್ಫೋಟದ ಸುಮಾರು 3,80,000 ವರ್ಷಗಳ ಬಳಿಕ ಹೊರಟ ಬೆಳಕು ಇಂದು ಮೈಕ್ರೋವೇವ್ ಆಗಿ ಎಲ್ಲ ದಿಕ್ಕುಗಳಿಂದಲೂ ಬರುತ್ತಿದೆ. ಅದರ ಉಷ್ಣತೆ ಈಗ 2.725 ಕೆಲ್ವಿನ್. ಆ ಬೆಳಕಿನ ಧ್ರುವೀಕರಣದಲ್ಲಿ, ಅಂದರೆ ಅದರ ಅಲೆಗಳು ಕಂಪಿಸುವ ದಿಕ್ಕಿನಲ್ಲಿ, ವಿಶ್ವದ ಮೊದಲ ಕ್ಷಣದ ಗುರುತ್ವ ಅಲೆಗಳು (ಅವಕಾಶವೇ ಹಿಗ್ಗಿ ಕುಗ್ಗುವ ತರಂಗಗಳು) ಬಿಟ್ಟಿರಬಹುದಾದ ಸುಳಿಯಂತಹ ಗುರುತನ್ನು ಹುಡುಕಬೇಕು. ಬೆಚ್ಚಗಿರುವ ಕನ್ನಡಿ, ಸ್ಕ್ರೂ, ಮಸೂರ ಎಲ್ಲವೂ ತಾವೇ ಮೈಕ್ರೋವೇವ್ ಸೂಸುತ್ತವೆ. ಆದ್ದರಿಂದಲೇ ಇಷ್ಟು ಶೀತ: ಫಲಕ 20 ಕೆಲ್ವಿನ್‌ಗಿಂತ ಕೆಳಗೆ, ಅಂದರೆ ಮೈನಸ್ 253 ಡಿಗ್ರಿಗಿಂತ ತಣ್ಣಗೆ; ಸಂವೇದಕಗಳು 0.1 ಕೆಲ್ವಿನ್‌ನಲ್ಲಿ.

ಕಾಸರಗೋಡಿನ ಪೆರ್ಲದಲ್ಲಿರುವ ಸೋದರಮಾವ ಫೋನಿನಲ್ಲಿ ಕೇಳಿದರು: "ಅಷ್ಟು ಕಷ್ಟಪಟ್ಟು ತಿರುಗಿಸುವುದು ಯಾಕೆ ಮಾರಾಯ? ನಿಲ್ಲಿಸಿಯೇ ನೋಡಬಾರದೇ?" ಒಳ್ಳೆಯ ಪ್ರಶ್ನೆ. ಸಂವೇದಕದ ಓದು ತನ್ನಷ್ಟಕ್ಕೇ ನಿಧಾನವಾಗಿ ಏರಿಳಿಯುತ್ತದೆ. ಫಲಕವೋ ತನ್ನೊಳಗೆ ಹಾಯುವ ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುತ್ತದೆ; ಅದು ಒಂದು ಸುತ್ತು ಬಂದರೆ ಧ್ರುವೀಕೃತ ಬೆಳಕಿನ ಸಂಕೇತ ಮಾತ್ರ ನಾಲ್ಕು ಬಾರಿ ಏರಿಳಿಯುತ್ತದೆ. ಯಕ್ಷಗಾನದ ಬಯಲಿನಲ್ಲಿ ಎಷ್ಟೇ ಗದ್ದಲವಿದ್ದರೂ ಚೆಂಡೆಯ ಪೆಟ್ಟು ಬೇರೆಯಾಗಿ ಕೇಳಿಸುವಂತೆ, ಆ ಲಯವನ್ನು ಹಿಡಿದು ಉಳಿದದ್ದನ್ನು ಬಿಡಬಹುದು.

ತಿರುಗುವ ಬಗೆಯೇ ಸೊಗಸು. ಇಲ್ಲಿ ಬಾಲ್ ಬೇರಿಂಗ್ ಇಲ್ಲ, ಎಣ್ಣೆ ಇಲ್ಲ. ಫಲಕದ ಸುತ್ತ ಕಾಂತದ ಬಳೆ, ಅದರ ಎದುರು ಸೂಪರ್‌ಕಂಡಕ್ಟರ್ ಬಳೆ, ಅಂದರೆ ತೀರ ತಣಿದಾಗ ವಿದ್ಯುತ್ತನ್ನು ತಡೆಯಿಲ್ಲದೆ ಹರಿಯಬಿಡುವ, ಕಾಂತವನ್ನು ತಾಗದೆಯೇ ಹಿಡಿದಿಡುವ ವಸ್ತುವಿನ ಬಳೆ. ಬೆಚ್ಚಗಿರುವಷ್ಟು ಹೊತ್ತು ಹಿಡಿಕೆಗಳು ಫಲಕವನ್ನು ಹಿಡಿದಿರುತ್ತವೆ. ಸೂಪರ್‌ಕಂಡಕ್ಟರ್ ಸಾಕಷ್ಟು ತಣಿದ ಮೇಲೆ ಹಿಡಿಕೆ ಸಡಿಲಿಸಿದರೆ ಫಲಕ ಎಲ್ಲಿಗೂ ತಾಗದೆ ತೇಲುತ್ತದೆ! ಎಷ್ಟು ಸಲ ನೋಡಿದರೂ ನನಗೆ ರೋಮಾಂಚನವಾಗುತ್ತದೆ. ತಾಗದಿರುವುದರಿಂದಲೇ ತೊಂದರೆಯೂ ಹುಟ್ಟುತ್ತದೆ: ತಿರುಗುವಾಗ ಹುಟ್ಟುವ ಅಲ್ಪ ಶಾಖಕ್ಕೆ ಸುಲಭದ ದಾರಿಯಿಲ್ಲ, ತಂತಿ ಕಟ್ಟಿ ಉಷ್ಣತೆ ಅಳೆಯುವಂತೆಯೂ ಇಲ್ಲ. ಕಾಂತದ ಬಲ ಉಷ್ಣತೆಯೊಂದಿಗೆ ಚೂರು ಬದಲಾಗುತ್ತದೆ; ಅದನ್ನು ದೂರದಿಂದ ಓದಿ ಫಲಕದ ಬಿಸಿಯನ್ನು ಲೆಕ್ಕ ಹಾಕಬಹುದು.

ಫಲಕದ ಸ್ವಂತ ದೋಷಗಳೂ ಅದೇ ಲಯದಲ್ಲಿ ಸಂಕೇತ ಕೊಡಬಲ್ಲವು. ಅವನ್ನು ನೆಲದ ಮೇಲೆಯೇ ಪತ್ತೆಹಚ್ಚಬೇಕು; ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರ ಹೋದ ಮೇಲೆ ರಿಪೇರಿ ಎಂಬುದಿಲ್ಲ. ಹಾರಿಸುವ ದಿನಕ್ಕಿಂತ ಈ ಪರೀಕ್ಷೆಯ ದಿನಗಳೇ ದೊಡ್ಡವೆಂದು ನಾನು ನಂಬಿದ್ದೇನೆ.

ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರು ಇದಕ್ಕೆ ಏನು ಓದಬೇಕೆಂದು ಕೇಳುತ್ತಾರೆ. ಭೌತಶಾಸ್ತ್ರ ಓದಿ, ಆದರೆ ಪಾಲಿಟೆಕ್ನಿಕ್ ಸೇರಿದವರೂ ಹಿಂಜರಿಯಬೇಡಿ. ಇಷ್ಟು ಶೀತಕ್ಕೆ ಅರ್ಧ ಮೀಟರ್ ಅಗಲದ ಅಲ್ಯೂಮಿನಿಯಂ ಬಳೆ ಸುಮಾರು ಎರಡು ಮಿಲಿಮೀಟರ್ ಕುಗ್ಗುತ್ತದೆ, ನೀಲಮಣಿ ಅಷ್ಟು ಕುಗ್ಗುವುದಿಲ್ಲ. ಅದನ್ನು ಮೊದಲೇ ಲೆಕ್ಕ ಹಾಕಿ, ಫಲಕ ಒಡೆಯದಂತೆ ಲೋಹ ಕಡೆಯಬಲ್ಲವರು ನಮಗೆ ಬೇಕು.