ಒಕ್ಪಾ ದಿ ಒಕು: ಇಗ್ಬೊ ಕಲಿಕೆಯ ಮೊದಲ ಏಳು ಇಝು

ಎನುಗುವಿಗೆ ಬಂದು ಮೂರು ತಿಂಗಳಾಯಿತು. ಆಗ್ನೇಯ ನೈಜೀರಿಯಾದ ಈ ಊರಿನಲ್ಲಿ ಆಫೀಸ್ ಕೆಲಸಕ್ಕೆ ಇಂಗ್ಲಿಷ್ ಸಾಕು. ಆದರೆ ದಿನಾ ಬೆಳಗ್ಗೆ ನಮ್ಮ ಬೀದಿಯಲ್ಲಿ ಒಬ್ಬರು ತಲೆ ಮೇಲೆ ಬುಟ್ಟಿ ಹೊತ್ತು ಕೂಗುತ್ತಾ ಬರುತ್ತಾರೆ: "ಒಕ್ಪಾ ದಿ ಒಕು!" ಬಿಸಿ ಬಿಸಿ ಒಕ್ಪಾ ಅಂತ. ಬಂಬಾರಾ ಕಾಳಿನ ಹಿಟ್ಟಿಗೆ ತಾಳೆ ಎಣ್ಣೆ, ಮೆಣಸಿನಕಾಯಿ ಸೇರಿಸಿ, ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿದ ತಿಂಡಿ. ಎಲೆ ಬಿಚ್ಚಿದಾಗ ಬರುವ ಘಮ ನಮ್ಮ ಕಡುಬಿನದೇ. ಅವರ ಹತ್ತಿರ ಅವರ ಮಾತಾದ ಇಗ್ಬೊದಲ್ಲೇ ಕೊಳ್ಳಬೇಕು ಅನ್ನಿಸಿತು. ಅಲ್ಲಿಂದ ಶುರು.

ಇಝು ಅಂದರೆ ಇಗ್ಬೊ ವಾರ. ನಾಲ್ಕೇ ದಿನ: ಎಕೆ, ಒರಿಎ, ಅಫೊ, ನ್ಕ್ವೊ. ನಾಲ್ಕೂ ಸಂತೆಯ ದಿನಗಳು. ಹಳೆಯ ಲೆಕ್ಕದಲ್ಲಿ ಏಳು ಇಝುಗೆ ಒಂದು ತಿಂಗಳು, 28 ದಿನ. ಎಕೆ ದಿನ ಹುಟ್ಟಿದ ಗಂಡುಮಗು ಒಕೆಕೆ, ನ್ಕ್ವೊ ದಿನ ಹುಟ್ಟಿದವನು ಒಕೊಂಕ್ವೊ. ನನ್ನ ಕಲಿಕೆಯನ್ನೂ ಇದೇ ಲೆಕ್ಕದಲ್ಲಿ ಬರೆದಿಟ್ಟಿದ್ದೇನೆ.

1ನೇ ಇಝು

ಬರೀ ನಮಸ್ಕಾರ. ಕೆದು? ಹೇಗಿದ್ದೀರಿ? ಒ ದಿ ಮ್ಮಾ, ಚೆನ್ನಾಗಿದೆ. ಥ್ಯಾಂಕ್ಸ್‌ಗೆ ದಾಲು, ದಯವಿಟ್ಟುಗೆ ಬಿಕೊ. ರಾತ್ರಿ ಬೀಳ್ಕೊಡುವಾಗ 'ಕಾ ಚಿ ಫೊ' ಅನ್ನುತ್ತಾರೆ. ಬೆಳಗಾಗಲಿ ಅಂತ ಅರ್ಥ. ನನಗೆ ತುಂಬಾ ಇಷ್ಟವಾದದ್ದು ಇದು.

2ನೇ ಇಝು

ಅಕ್ಷರ. 1961ರ ಒನ್ವು ಲಿಪಿ ಪದ್ಧತಿಯಲ್ಲಿ 36 ಅಕ್ಷರ, ಅದರಲ್ಲಿ ಸ್ವರ ಎಂಟು. ಇ, ಒ, ಉ ಮೂರಕ್ಕೂ ಎರಡೆರಡು ರೂಪ: ಕೆಳಗೆ ಚುಕ್ಕೆ ಇರುವುದು, ಇಲ್ಲದ್ದು. ಚುಕ್ಕೆಯ ಒ ಹೇಳಲು ಬಾಯಿ ಇನ್ನೂ ಅಗಲವಾಗಬೇಕು, ಇಂಗ್ಲಿಷಿನ 'ಹಾಟ್' ಅನ್ನುವಾಗಿನ ಹಾಗೆ. ನನ್ನ ನೋಟ್‌ಬುಕ್ಕಿನಲ್ಲಿ ಕನ್ನಡ ಒ ಬರೆದು ಕೆಳಗೆ ಚುಕ್ಕೆ ಇಡುತ್ತೇನೆ.

ಆಮೇಲೆ ಒಕ್ಪಾದ 'ಕ್ಪ'. ನಮ್ಮ ಒತ್ತಕ್ಷರದ ಅಭ್ಯಾಸದಲ್ಲಿ ಮೊದಲು ಕ್, ಆಮೇಲೆ ಪ ಅನ್ನುತ್ತೇವೆ. ಇಲ್ಲಿ ಎರಡೂ ಒಂದೇ ಸಲ. ನಾಲಿಗೆಯ ಹಿಂಭಾಗ ಕ್‌ಗೆ ಸಿದ್ಧವಾಗಿ ಅಂಟಿರಬೇಕು, ತುಟಿ ಪ್‌ಗೆ ಮುಚ್ಚಿರಬೇಕು, ಎರಡನ್ನೂ ಒಟ್ಟಿಗೆ ಬಿಡಬೇಕು. 'ಇಗ್ಬೊ'ದ ಗ್ಬ ಕೂಡ ಹಾಗೇ. ನಾಲ್ಕು ದಿನ ಕನ್ನಡಿ ಮುಂದೆ ಇದೊಂದೇ.

3, 4ನೇ ಇಝು

ದನಿಯ ಏರಿಳಿತಕ್ಕೆ ಎರಡು ಇಝು ಬೇಕಾಯಿತು. 'ಅಕ್ವಾ' ನೋಡಿ. ಎರಡೂ ಭಾಗ ಮೇಲಿನ ದನಿಯಲ್ಲಿದ್ದರೆ ಅಳು. ಮೇಲಿಂದ ಕೆಳಗೆ ಬಂದರೆ ಬಟ್ಟೆ. ಕೆಳಗಿಂದ ಮೇಲೆ ಹೋದರೆ ಮೊಟ್ಟೆ. ಎರಡೂ ಕೆಳಗೇ ಇದ್ದರೆ ಹಾಸಿಗೆ. ಬರವಣಿಗೆಯಲ್ಲಿ ಸಾಮಾನ್ಯವಾಗಿ ಈ ಏರಿಳಿತದ ಗುರುತು ಹಾಕುವುದೇ ಇಲ್ಲ. ಹಾಗಾಗಿ ಪುಸ್ತಕ ನೋಡಿ ಕಲಿಯುವವರಿಗೆ ಕಷ್ಟ.

ಸಹೋದ್ಯೋಗಿಯೊಬ್ಬರು ಒಳ್ಳೆ ಉಪಾಯ ಹೇಳಿಕೊಟ್ಟರು. ಮೇಜಿನ ಮೇಲೆ ಒಂದು ಮೊಟ್ಟೆ, ಪಕ್ಕದಲ್ಲಿ ಕರ್ಚೀಫು. ನಾನು ಅಕ್ವಾ ಅನ್ನಬೇಕು, ಅವರು ತಮಗೆ ಕೇಳಿಸಿದ್ದನ್ನು ಮುಟ್ಟಬೇಕು. ಮೊದಲ ದಿನ ಹತ್ತರಲ್ಲಿ ನಾಲ್ಕು ಸರಿ. ಮಾತು ಬಿಟ್ಟು ಬರೀ ರಾಗ ಗುನುಗಿ ಅಂದರು ಅವರು. ಹ್ಞ್ ಹ್ಞ್ ಅಂತ ಗುನುಗಿ, ಆಮೇಲೆ ಅದರ ಮೇಲೆ ಪದ ಕೂರಿಸಿದೆ. ಎಂಟನೇ ದಿನಕ್ಕೆ ಹತ್ತರಲ್ಲಿ ಎಂಟು.

5ನೇ ಇಝು

ಸ್ವರಗಳಲ್ಲಿ ಎರಡು ಗುಂಪು. ಎ ಮತ್ತು ಚುಕ್ಕೆಯಿಲ್ಲದ ಇ, ಒ, ಉ ಒಂದು ಕಡೆ. ಅ ಮತ್ತು ಚುಕ್ಕೆಯ ಇ, ಒ, ಉ ಇನ್ನೊಂದು ಕಡೆ. ಒಂದು ಪದದಲ್ಲಿ ಸಾಮಾನ್ಯವಾಗಿ ಒಂದೇ ಗುಂಪಿನವು ಇರುತ್ತವೆ. ಇದು ಗೊತ್ತಾದ ಮರುದಿನ ಬೆಳಗ್ಗೆ ಆ ಕೂಗು ಮತ್ತೆ ಕೇಳಿತು. ಒಕ್ಪಾ ದಿ ಒಕು. ಐದು ಸ್ವರ, ಐದೂ ಚುಕ್ಕೆಯ ಗುಂಪಿನವೇ! ಅದಕ್ಕೇ ಅದು ಅಷ್ಟು ಸಲೀಸಾಗಿ ಬಾಯಿಂದ ಹರಿಯುತ್ತದೆ. ಹಾಸಿಗೆಯಲ್ಲಿ ಎದ್ದು ಕೂತು ನಾನೂ ನಾಲ್ಕು ಸಲ ಹೇಳಿದೆ.

ಎನುಗು ಹೆಸರೂ ಈ ನಿಯಮಕ್ಕೆ ಒಗ್ಗುತ್ತದೆ, ಅದರ ಸ್ವರಗಳೆಲ್ಲ ಚುಕ್ಕೆಯಿಲ್ಲದ ಗುಂಪಿನವು. ಅದು ಎನು ಮತ್ತು ಉಗ್ವು ಎಂಬ ಎರಡು ಪದ ಸೇರಿ ಆದದ್ದು, ಬೆಟ್ಟದ ಮೇಲೆ ಅಂತ.

6ನೇ ಇಝು

ಕ್ರಿಯಾಪದ. ಒ ಗರಾ: ಹೋದನು, ಹೋದಳು, ಹೋಯಿತು. ಮೂರಕ್ಕೂ ಒಂದೇ ಮಾತು, ಲಿಂಗದ ತಲೆನೋವಿಲ್ಲ. ತಿಂದರೆ ಒ ರಿರಿ. ಗುಂಪಿಗೆ ತಕ್ಕಂತೆ ಮುಂದಿನ ಒ ಕೂಡ ಬದಲಾಗುತ್ತದೆ: ಗರಾ ಜೊತೆ ಚುಕ್ಕೆಯದು, ರಿರಿ ಜೊತೆ ಚುಕ್ಕೆಯಿಲ್ಲದ್ದು.

'ಬೇಕು'ಗೆ ಅಚೊರೊ ಮ್, 'ಬೇಡ'ಕ್ಕೆ ಅಚೊಘಿ ಮ್. ಇಲ್ಲ ಅನ್ನುವುದು ಕ್ರಿಯಾಪದದ ಬಾಲಕ್ಕೆ ಅಂಟುತ್ತದೆ, ನಮ್ಮ ಹೋಗಲ್ಲ, ತಿನ್ನಲ್ಲ ಥರಾನೇ ಅಲ್ವಾ? ಇದು ಮಾತ್ರ ಒಂದೇ ದಿನಕ್ಕೆ ಬಂತು.

7ನೇ ಇಝು

ಎಣಿಕೆ: ಒತು, ಅಬುಒ, ಅತೊ, ಅನೊ, ಇಸೆ. ಹತ್ತರವರೆಗೆ ಬರುತ್ತದೆ. ಅದರ ಮೇಲೆ ಇನ್ನೂ ತಡವರಿಕೆ.

ನಿನ್ನೆ ನ್ಕ್ವೊ. ಕೂಗು ಕೇಳಿದ ಕೂಡಲೇ ಕೆಳಗಿಳಿದೆ. "ಅಚೊರೊ ಮ್ ಒಕ್ಪಾ, ಬಿಕೊ" ಅಂದೆ. ಅವರು ಬುಟ್ಟಿ ಇಳಿಸಿ, "ಒಲೆ, ನ್ನೆ?" ಅಂದರು. ಒಲೆ ಅಂದರೆ ಎಷ್ಟು. ನ್ನೆ ಅಂದರೆ ಅಮ್ಮ. ಹೂವಿನವರು ನಮ್ಮನ್ನು 'ಎಷ್ಟು ಮೊಳ ತಾಯಿ' ಅಂತ ಕೇಳುವ ಹಾಗೇ ಇತ್ತು ಆ ದನಿ. "ಅಬುಒ" ಅಂದೆ. ಎರಡು ಪೊಟ್ಟಣ ಕೈಗಿಟ್ಟರು. ಎಲೆ ಇನ್ನೂ ಸುಡುತ್ತಿತ್ತು.